ಗಾಡಿ ಮಾತು: ಕಂಬಿ ಇರಲಿ, ಶಾಕ್ ಬದಲಿಸಿ

ಪ್ರಶ್ನೆ: ದೊಡ್ಡಪ್ಪ ಇಂಗ್ಲೆಂಡಿನಿಂದ ವಾಪಸ್ ಬರುವಾಗ ತಂದ 1982ರ ಪೋರ್ಷೆ 911 ಎಸ್‌ಸಿ ನಮ್ಮ ತೋಟದ ಶೆಡ್ಡಿನಲ್ಲಿ ಬಹಳ ವರ್ಷ ನಿಂತಿತ್ತು. ಎಂಜಿನ್ ಕೆಲಸ ಮುಗಿದಿದೆ, ಈಗ ಸಸ್ಪೆನ್ಷನ್ ಸರದಿ. ಅದರಲ್ಲಿರುವುದು ಟಾರ್ಷನ್ ಬಾರ್. ‘ಕಿತ್ತು ಹಾಕಿ ಕಾಯ್ಲೋವರ್ (ಶಾಕ್ ಅಬ್ಸಾರ್ಬರಿನ ಸುತ್ತಲೇ ಕಾಯ್ಲ್ ಸ್ಪ್ರಿಂಗ್ ಇರುವ ಜೋಡಿ) ಕೂರಿಸು, ಇಲ್ಲದಿದ್ದರೆ ಅದೆಂಥ ಸ್ಪೋರ್ಟ್ಸ್ ಕಾರು’ ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ನಾನು ಓಡಿಸುವುದು ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಕಡೆ. ವರ್ಷಕ್ಕೊಂದು ಸಲ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ಯುವ ಆಸೆಯೂ ಇದೆ. ಯಾವುದು ಒಳ್ಳೆಯದು?
– ಕಾಫಿ ಬೆಳೆಗಾರ, ಸಕಲೇಶಪುರ

ಉತ್ತರ: ಕೀಳಬೇಡಿ ಮಾರಾಯ್ರೆ.

ಟಾರ್ಷನ್ ಬಾರ್ ಅಂದರೆ ಹಳೇ ಕಾಲದ್ದು, ಕಾಯ್ಲ್ ಅಂದರೆ ರೇಸಿನದು ಅಂತ ನಿಮ್ಮ ಗೆಳೆಯರು ತಿಳಿದಂತಿದೆ. ಎರಡರಲ್ಲೂ ನಡೆಯುವುದು ಒಂದೇ. ಒದ್ದೆ ಬಟ್ಟೆ ಹಿಂಡಿದ ಹಾಗೆ ಟಾರ್ಷನ್ ಬಾರ್ ಎಂಬ ಉಕ್ಕಿನ ಕಂಬಿ ತಿರುಚಿಕೊಳ್ಳುತ್ತದೆ, ಭಾರ ಇಳಿದಾಗ ವಾಪಸಾಗುತ್ತದೆ. ಕಾಯ್ಲ್ ಸ್ಪ್ರಿಂಗ್ ಕುಗ್ಗುವಾಗಲೂ ಅದರ ತಂತಿ ತಿರುಚಿಕೊಳ್ಳುವುದೇ. ಅದು ಸುರುಳಿ ಸುತ್ತಿದ ಟಾರ್ಷನ್ ಬಾರ್, ಅಷ್ಟೆ. ಗಡಸು ಒಂದೇ ಇದ್ದರೆ ತನ್ನನ್ನು ಹೊತ್ತಿರುವುದು ಯಾವುದು ಎಂದು ಚಕ್ರಕ್ಕೆ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಕಾರಿನ ಮೈಗೆ. ನಿಮ್ಮ ಕಾರಿನಲ್ಲಿ ಮುಂದಿನ ಕಂಬಿಗಳು ಚಕ್ರ ಹಿಡಿದಿರುವ ಕೆಳಗಿನ ಆರ್ಮ್‌ನೊಳಗೆ ಉದ್ದಕ್ಕೆ ಮಲಗಿವೆ. ಹಿಂದಿನವು ಹಿಂದಿನ ಸೀಟಿನ ಅಡಿಯ ಅಡ್ಡ ಕೊಳವೆಯೊಳಗಿವೆ. ಗಾಡಿಯ ಭಾರವೆಲ್ಲ ಅಲ್ಲಿಗೆ ಹೋಗುತ್ತದೆ. ಎಂಜಿನ್ ಪಕ್ಕದಲ್ಲಿ ಶಾಕಿನ ತಲೆ ಕೂರುವ ಜಾಗವನ್ನು ಶಾಕಿನ ಎಳೆತ ತಡೆಯಲೆಂದು ಮಾಡಿದ್ದಾರೆಯೇ ಹೊರತು ಗಾಡಿ ಹೊರಲೆಂದಲ್ಲ. ಕಾಯ್ಲೋವರ್ ಹಾಕಿದಿರೋ, ಮೊನ್ನೆವರೆಗೆ ಕೊಳವೆ ಹೊರುತ್ತಿದ್ದ ಭಾರ ಆ ತಗಡಿನ ಮೇಲೆ ಬೀಳುತ್ತದೆ. ಎಂಜಿನ್ ಬೇರೆ ಹಿಂದಿರುವ ಗಾಡಿ. ಹೆಚ್ಚು ಭಾರ ಇರುವುದೇ ಅಲ್ಲಿ. ಪಟ್ಟಿ ಕೊಟ್ಟು ವೆಲ್ಡ್ ಮಾಡಿ ಗಟ್ಟಿ ಮಾಡದಿದ್ದರೆ ಒಂದು ದಿನ ಅಲ್ಲಿ ಬಿರುಕು ಕಾಣುತ್ತದೆ. ಪೋರ್ಷೆಯವರು 935 ರೇಸ್ ಕಾರಿಗೆ ಕಾಯ್ಲ್ ಹಾಕಿದ್ದು ನಿಜ, ಆದರೆ ಅದು ರೇಸಿಗೆಂದೇ ಕಟ್ಟಿದ ಬಾಡಿ. ರಸ್ತೆಯ 911ಗೆ ಕಾಯ್ಲ್ ಬಂದದ್ದು 1989ರ 964 ಮಾದರಿಯಲ್ಲಿ. ಆಗ ಅಡಿಭಾಗವನ್ನೇ ಹೊಸದಾಗಿ ಮಾಡಿದರು.

ಕಾಯ್ಲೋವರ್‌ನ ಲಾಭ ಸುಳ್ಳೇನಲ್ಲ. ಸ್ಪ್ರಿಂಗ್ ಬದಲಿಸುವುದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಎತ್ತರಕ್ಕೆ ನಟ್ ತಿರುಗಿಸಿದರೆ ಸಾಕು. ತಕ್ಕಡಿಯ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಭಾರ ಸರಿದೂಗಿಸುವುದೂ ಸುಲಭ. ಪ್ರತಿ ಟ್ರ್ಯಾಕಿಗೂ ಸೆಟ್ಟಿಂಗ್ ಬದಲಿಸುವವರಿಗೆ ಅದು ಬೇಕು. ವರ್ಷಕ್ಕೊಮ್ಮೆ ಕರಿಗೆ ಹೋಗಿಬರುವವರಿಗೆ ಯಾಕೆ?

ಗಡಸು ಬೇಕಾದರೆ ದಪ್ಪ ಕಂಬಿ ಸಿಗುತ್ತದೆ. ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ: ಕಂಬಿಯ ಗಡಸು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ಮುಂದಿನ ಕಂಬಿ ಸುಮಾರು 19 ಮಿ.ಮೀ. ಅದನ್ನು 21 ಮಾಡಿದರೆ ಕಣ್ಣಿಗೆ ಎರಡೇ ಮಿಲಿಮೀಟರು, ಗಡಸು ಮಾತ್ರ ಅರ್ಧದಷ್ಟು ಜಾಸ್ತಿ. 22 ಮಾಡಿದರೆ ಶೇ. 80ರಷ್ಟು. ಮುಂದೆ 21, ಹಿಂದೆ 26 ಎಂಬ ಜೋಡಿ ಹಳೇ 911 ಇಟ್ಟುಕೊಂಡವರಲ್ಲಿ ಬಹಳ ಚಾಲ್ತಿ. ನಯವಾದ ಹೆದ್ದಾರಿಗೆ ಸರಿ. ಮೂಡಿಗೆರೆ ರಸ್ತೆಯ ಹಂಪುಗಳಿಗೆ, ಮಳೆಗಾಲ ಕಳೆದ ಮೇಲಿನ ಚಾರ್ಮಾಡಿಗೆ ಕಂಪನಿಯ ದಪ್ಪವೇ ಸಾಕು ಎನ್ನುವವನು ನಾನು. ಗುಂಡಿ ಇರುವ ತಿರುವಿನಲ್ಲಿ ಗಡಸು ಗಾಡಿಯ ಚಕ್ರ ನೆಲ ಬಿಟ್ಟು ಹಾರುತ್ತದೆ. ಹಾರಿದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಎತ್ತರದ ವಿಷಯದಲ್ಲಿ ಮೆಕ್ಯಾನಿಕ್ಕುಗಳು ಬೈದುಕೊಳ್ಳುವುದು ಹಿಂದಿನ ಕಂಬಿಗೆ. ಮುಂದೆ ಒಂದು ಬೋಲ್ಟ್ ತಿರುಗಿಸಿದರೆ ಆಯಿತು. ಹಿಂದಿನ ಕಂಬಿಯ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಒಳಗೆ ಒಂದು ಹಲ್ಲು ಜರುಗಿಸಿದರೆ 9 ಡಿಗ್ರಿ. ಹೊರಗೆ ಒಂದು ಹಲ್ಲು ಎದುರು ದಿಕ್ಕಿಗೆ ಜರುಗಿಸಿದರೆ 8.18 ಡಿಗ್ರಿ ವಾಪಸ್. ಉಳಿಯುವುದು 0.8 ಡಿಗ್ರಿ ಚಿಲ್ಲರೆ. ಇಷ್ಟು ನಾಜೂಕಾಗಿ ಕೂರಿಸಲೆಂದೇ ಹಲ್ಲಿನ ಸಂಖ್ಯೆ ಬೇರೆ ಬೇರೆ ಇಟ್ಟಿದ್ದಾರೆ. ಯಾರು ಯೋಚಿಸಿದರೋ, ಅವರಿಗೊಂದು ನಮಸ್ಕಾರ. ಕೋನ ಅಳೆಯುವ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಕೂರಿಸುತ್ತೇನೆ ಎನ್ನುವ ಗ್ಯಾರೇಜಿಗೆ ಗಾಡಿ ಬಿಡಬೇಡಿ. ಎಡಗಡೆಯ ಕಂಬಿ ಬಲಕ್ಕೆ ಹೋಗಲೂಬಾರದು. ಒಂದೇ ದಿಕ್ಕಿಗೆ ತಿರುಚಿ ಹದ ಮಾಡಿದ ಉಕ್ಕು ಅದು. ತುದಿಯಲ್ಲಿ ಗುರುತು ಇರುತ್ತದೆ, ನೋಡಿಕೊಳ್ಳಿ. ಹಾಸನದಲ್ಲಿ ಅಂಬಾಸಡರ್ ಟ್ಯಾಕ್ಸಿಗಳ ಮೇಲೆ ಕೈ ಪಳಗಿಸಿದ ಹಳೇ ಮೇಸ್ತ್ರಿಗಳು ಸಿಕ್ಕರೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ಅಂಬಾಸಡರ್ ಮುಂದಿನ ಚಕ್ರಗಳಿಗೂ ಟಾರ್ಷನ್ ಬಾರೇ ಇದ್ದದ್ದು.

ನನಗೆ ಭಯ ಇರುವುದು ನಿಮ್ಮ ಶೆಡ್ಡಿನ ಬಗ್ಗೆ. ಸಕಲೇಶಪುರದ ಮಳೆ, ಅಷ್ಟು ವರ್ಷ ನಿಂತ ಗಾಡಿ. ಹಿಂದಿನ ಕಂಬಿಗಳನ್ನು ಹೊರಗೆಳೆದು ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಹಿಡಿದು ಉಗುರಿನಿಂದ ಸವರಿ. ತುಕ್ಕು ತಿಂದು ಕುಳಿ ಬಿದ್ದಿದ್ದರೆ, ಗೀರು ಉಗುರಿಗೆ ತಾಗಿದರೆ, ಆ ಕಂಬಿ ಬೇಡ; ಟಾರ್ಷನ್ ಬಾರ್ ಮುರಿಯುವುದು ಅಂಥ ಗೀರಿನಿಂದಲೇ ಶುರುವಾಗುತ್ತದೆ. ಚೆನ್ನಾಗಿದ್ದರೆ ಬಣ್ಣ ಬಳಿದು, ಹಲ್ಲುಗಳಿಗೆ ಗ್ರೀಸ್ ಹಚ್ಚಿ ವಾಪಸ್ ಹಾಕಿ. ಕೊಳವೆಯ ಸುತ್ತಲಿನ ತಗಡನ್ನೂ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ಅದು ಪೊಳ್ಳಾಗಿದ್ದರೆ ಕಾಯ್ಲೋ ಕಂಬಿಯೋ ಎಂಬ ಪ್ರಶ್ನೆ ಆಮೇಲೆ.

ಕಾಯ್ಲೋವರಿಗೆ ಎತ್ತಿಟ್ಟ ದುಡ್ಡಲ್ಲಿ ಬಿಲ್‌ಸ್ಟೈನ್‌ನಂಥ ಒಳ್ಳೆಯ ಶಾಕ್ ನಾಲ್ಕು, ಎಲ್ಲಾ ರಬ್ಬರ್ ಬುಷ್, ಹೊಸ ಟೈರು ತನ್ನಿ. ನಲವತ್ತು ದಾಟಿದ ಗಾಡಿಯ ಬುಷ್‌ಗಳು ಸವೆದಿರುತ್ತವೆ. ಜನ ಟಾರ್ಷನ್ ಬಾರ್ ಮೇಲೆ ಹೊರಿಸುವ ದೂರುಗಳಲ್ಲಿ ಮುಕ್ಕಾಲು ಪಾಲು ಆ ರಬ್ಬರಿನದು. ಕೊನೆಗೆ ಅಲೈನ್‌ಮೆಂಟ್.

ಪ್ರಶ್ನೆ: ಚಿಕ್ಕಮಗಳೂರಿನ ರ‍್ಯಾಲಿ ನೋಡಿ ಹುಚ್ಚು ಹಿಡಿದಿದೆ. ನನ್ನ ಸ್ವಿಫ್ಟ್‌ಗೆ ಅಗ್ಗದ ಕಾಯ್ಲೋವರ್ ಕಿಟ್ ಹಾಕಿ 40 ಮಿ.ಮೀ. ಕೆಳಗಿಳಿಸಲೇ?
– ವಿದ್ಯಾರ್ಥಿ, ಬೇಲೂರು

ಉತ್ತರ: ರ‍್ಯಾಲಿ ಕಾರುಗಳನ್ನು ಸರಿಯಾಗಿ ನೋಡಿದ್ದೀರಾ? ತೋಟದ ಮಣ್ಣು ರಸ್ತೆಯಲ್ಲಿ ಓಡುವ ಅವು ನೆಲದಿಂದ ಎತ್ತರ ನಿಂತಿರುತ್ತವೆ, ಚಕ್ರ ಮೇಲೆ ಕೆಳಗೆ ಆಡಲು ಬೇಕಾದಷ್ಟು ಜಾಗ ಇರುತ್ತದೆ. ನೀವು ಕೇಳುತ್ತಿರುವುದು ಅದರ ತದ್ವಿರುದ್ಧ. ಇನ್ನೊಂದು: ಸ್ವಿಫ್ಟ್‌ನ ಹಿಂಬದಿಯಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಕೂರುತ್ತವೆ. ಹಾಗಾಗಿ ಕಾಯ್ಲೋವರ್ ಅಂತ ದುಡ್ಡು ಕೊಟ್ಟರೂ ಹಿಂದೆ ಸಿಗುವುದು ಗಿಡ್ಡ ಸ್ಪ್ರಿಂಗು ಮತ್ತು ಅದರಡಿಗೆ ಒಂದು ತಿರುಪು. ನಮ್ಮ ಕೆಂಪು ಕೆಸರು ಆ ತಿರುಪಿನ ಎಳೆಗಳಲ್ಲಿ ಒಣಗಿ ಕೂತರೆ ಮುಂದಿನ ಮಳೆಗಾಲದ ಹೊತ್ತಿಗೆ ಸ್ಪ್ಯಾನರ್‌ಗೂ ಜಗ್ಗದು. ಎತ್ತರ ಇದ್ದ ಹಾಗೇ ಇರಲಿ. ಶಾಕ್ ಸೋರುತ್ತಿದೆಯಾ ನೋಡಿಸಿ, ಮೊದಲು ಹೆಲ್ಮೆಟ್ ಕೊಳ್ಳಿ.