ಕೈ ಎತ್ತಿದರೆ ನಿಲ್ಲಿಸುತ್ತಾರಾ?

ಆಕೆಗೆ ನಲವತ್ತರ ಆಸುಪಾಸು. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಕೌನ್ಸೆಲಿಂಗಿಗೆಂದು ನನ್ನ ಹತ್ತಿರ ಬಂದು ಕೂತವರೇ, “ಮೇಡಂ, ನನ್ನನ್ನು ಪೂರ್ತಿ ಮಲಗಿಸಿ ಹಲ್ಲು ಕೀಳೋ ಡಾಕ್ಟರ್ ಬೇಕು. ಎಚ್ಚರ ಇದ್ದರೆ ಆ ಕುರ್ಚಿ ಮೇಲೆ ನಾನು ಕೂರಲ್ಲ” ಅಂದರು.

ಬಲಗಡೆಯ ದವಡೆ ಹಲ್ಲು ಹುಳುಕಾಗಿ ವರ್ಷವಾಗಿತ್ತು. ಎಡಗಡೆಯಲ್ಲೇ ಅಗಿದು, ನೋವಿನ ಮಾತ್ರೆ ನುಂಗಿ ದಿನ ದೂಡಿದ್ದರು. ಮೂರು ಸಲ ಅಪಾಯಿಂಟ್‌ಮೆಂಟ್ ತಗೊಂಡು ಮೂರು ಸಲವೂ ಕ್ಲಿನಿಕ್ಕಿನ ಬಾಗಿಲಿಂದ ವಾಪಸಾಗಿದ್ದರು. ನಾಲ್ಕನೇ ಸಲಕ್ಕೆ ಒಂದು ಉಪಾಯ ಹೂಡಿದ್ದರು: ಅಮ್ಮನಿಗೆ ನಿದ್ದೆಗೆಂದು ಬರೆದುಕೊಟ್ಟ ಮಾತ್ರೆಯಲ್ಲಿ ಎರಡು ನುಂಗಿ ಹೋಗುವುದು. ಸ್ಟ್ರಿಪ್ಪು ಬ್ಯಾಗಿನಲ್ಲೇ ಇತ್ತು.

ಬೇರೆಲ್ಲ ಬದಿಗಿಟ್ಟು ಮೊದಲು ಅದಕ್ಕೆ ಬೇಡ ಅಂದೆ. ಇನ್ನೊಬ್ಬರ ಮಾತ್ರೆ ಎಷ್ಟು ಮಂಪರು ತರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಡಾಕ್ಟರಿಗೆ ಹೇಳದೆ ನುಂಗಿ ಹೋದರೆ, ಅವರು ಅದರ ಮೇಲೆ ಇನ್ನೊಂದು ಔಷಧಿ ಕೊಟ್ಟರೆ ಉಸಿರಾಟವೇ ನಿಧಾನವಾಗಬಹುದು. ಆಕೆ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟರು. ಆಮೇಲೆ ಬ್ಯಾಗಿನ ಜಿಪ್ ಎಳೆಯುವುದು, ಮತ್ತೆ ಬಿಡುವುದು ಶುರುವಾಯಿತು.

ಹಲ್ಲಿನ ಚಿಕಿತ್ಸೆಯ ಭಯ ಅಳೆಯಲು ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ನಾಳೆ ಹೋಗಬೇಕು ಅಂದರೆ ಹೇಗನಿಸುತ್ತದೆ, ಹೊರಗೆ ಕಾಯುವಾಗ ಹೇಗೆ, ಡ್ರಿಲ್ ಮಾಡುವಾಗ, ಹಲ್ಲು ಕ್ಲೀನ್ ಮಾಡುವಾಗ, ವಸಡಿಗೆ ಇಂಜೆಕ್ಷನ್ ಕೊಡುವಾಗ. ಒಟ್ಟು ಅಂಕ 25. 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಭಯ ಎಂದು ಲೆಕ್ಕ. ಇವರಿಗೆ 21 ಬಂತು. ಆದರೆ ಭಯ ಎಷ್ಟಿದೆ ಅನ್ನುವುದನ್ನಷ್ಟೇ ಅಂಕ ಹೇಳುತ್ತದೆ. ಯಾವುದರ ಭಯ ಅನ್ನುವುದನ್ನು ಕೂತು ಕೇಳಲೇಬೇಕು.

ಕೇಳಿದೆ. ಒಂಬತ್ತು ವರ್ಷದವರಿದ್ದಾಗ ಕೀವಾದ ಹಲ್ಲು ಕಿತ್ತಿದ್ದರಂತೆ. ಇಂಜೆಕ್ಷನ್ ಕೊಟ್ಟರೂ ನೋವು ಹೋಗಲಿಲ್ಲ. ಕಿರುಚಿದಾಗ ಯಾರೋ ಎರಡೂ ಕೈ ಒತ್ತಿ ಹಿಡಿದರು. “ನಿಲ್ಸಿ ನಿಲ್ಸಿ ಅಂದೆ ಮೇಡಂ. ನಾಟಕ ಮಾಡಬೇಡ ಅಂದ್ರು.”

ನಾಟಕ ಅಲ್ಲ. ಸೋಂಕು ತಗುಲಿ ಕೀವಾದ ಜಾಗ ಆಮ್ಲೀಯವಾಗಿರುತ್ತದೆ. ಅಲ್ಲಿ ಮರಗಟ್ಟಿಸುವ ಔಷಧಿ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಇದನ್ನು ಹೇಳಿದಾಗ ಜಿಪ್ ಎಳೆಯುತ್ತಿದ್ದ ಕೈ ನಿಂತಿತು. ಮೂವತ್ತು ವರ್ಷ ತನ್ನನ್ನೇ ಹೇಡಿ ಅಂದುಕೊಂಡಿದ್ದ ಹೆಂಗಸು! ಇನ್ನೊಂದನ್ನೂ ತಿಳಿಸಿದೆ. ಆ ಇಂಜೆಕ್ಷನ್ನಿನಲ್ಲಿ ಹೆಚ್ಚಾಗಿ ಅಡ್ರಿನಲಿನ್ ಬೆರೆಸಿರುತ್ತಾರೆ. ಅದರಿಂದ ಕೆಲವು ನಿಮಿಷ ಎದೆ ಡವಡವ ಅನ್ನಬಹುದು. ಅದು ಔಷಧಿಯ ಕೆಲಸ, ಏನೋ ಅನಾಹುತ ಆಗುತ್ತಿದೆ ಅಂತಲ್ಲ.

ಹಾಗಾದರೆ ಈಕೆಯ ಭಯ ಬರೀ ನೋವಿನದಲ್ಲ. ಕೈ ಹಿಡಿದದ್ದರದ್ದು. “ಪೂರ್ತಿ ಮಲಗಿದ ಮೇಲೆ ನೀವು ‘ನಿಲ್ಸಿ’ ಅನ್ನೋದು ಹೇಗೆ?” ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. “ಅದನ್ನ ಯೋಚನೆನೇ ಮಾಡಿರಲಿಲ್ಲ.”

ಆಮೇಲೆ ದಾರಿಗಳನ್ನು ಒಂದೊಂದಾಗಿ ನೋಡಿದೆವು. ಲಾಫಿಂಗ್ ಗ್ಯಾಸ್, ಅಂದರೆ ನೈಟ್ರಸ್ ಆಕ್ಸೈಡ್. ಮೂಗಿಗೆ ಸಣ್ಣ ಮಾಸ್ಕ್ ಇಟ್ಟು ಆಕ್ಸಿಜನ್ ಜೊತೆ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಮೈ ಹಗುರಾಗುತ್ತದೆ, ಎಚ್ಚರ ಇರುತ್ತದೆ, ಮಾತಾಡಬಹುದು. ನಿಲ್ಲಿಸಿ ಬರೀ ಆಕ್ಸಿಜನ್ ಕೊಟ್ಟರೆ ಬೇಗ ಇಳಿಯುತ್ತದೆ. 1844ರಲ್ಲೇ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ಇದನ್ನು ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ. ಮೂಗು ಕಟ್ಟಿದ್ದರೆ ಮಾತ್ರ ಇದು ನಡೆಯುವುದಿಲ್ಲ. ಗರ್ಭಿಣಿಯಾಗಿದ್ದರೆ, ಬಿ12 ಕೊರತೆ ಇದ್ದರೆ ಮೊದಲೇ ಹೇಳಬೇಕು.

ಡಾಕ್ಟರೇ ಬರೆದುಕೊಡುವ ಮಾತ್ರೆ ಇನ್ನೊಂದು ದಾರಿ. ಒಬ್ಬೊಬ್ಬರಿಗೆ ಒಂದೊಂದು ಥರ ಏರುತ್ತದೆ. ಅವತ್ತು ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಇರಲೇಬೇಕು. ರಕ್ತನಾಳಕ್ಕೆ ಚುಚ್ಚಿ ಕೊಡುವ ಮಿಡಜೊಲಾಮ್ ಎಂಬ ಮಂಪರು ಔಷಧಿ ಇನ್ನೂ ಗಟ್ಟಿ. ಎಷ್ಟೋ ಜನರಿಗೆ ಆಮೇಲೆ ಏನಾಯಿತೆಂಬ ನೆನಪೇ ಇರುವುದಿಲ್ಲ. ಅದು ವರವೂ ಹೌದು, ತೊಡಕೂ ಹೌದು. ನೆನಪೇ ಇಲ್ಲದಿದ್ದರೆ, ‘ಈ ಸಲ ಯಾರೂ ನನ್ನ ಕೈ ಹಿಡಿಯಲಿಲ್ಲ’ ಎಂದು ಮನಸ್ಸು ಕಲಿಯುವುದು ಹೇಗೆ? ಇನ್ನು ಪೂರ್ತಿ ಅರಿವಳಿಕೆ. ಅದು ದೊಡ್ಡ ಶಸ್ತ್ರಚಿಕಿತ್ಸೆಗೆ, ಬೇರೆ ದಾರಿಯೇ ಇಲ್ಲದವರಿಗೆ.

ಇವುಗಳಲ್ಲಿ ಮೊದಲ ಮೂರರಲ್ಲಿ ಯಾವುದನ್ನು ತಗೊಂಡರೂ ಮರಗಟ್ಟಿಸುವ ಇಂಜೆಕ್ಷನ್ ತಪ್ಪುವುದಿಲ್ಲ. ಭಯ ಇಳಿಸುವುದು ಒಂದು ಕೆಲಸ, ನೋವು ತಡೆಯುವುದು ಇನ್ನೊಂದು. ಇದನ್ನು ಕೇಳಿ ಆಕೆಗೆ ನಿರಾಸೆಯಾಯಿತು. ಆದರೆ ಗೊತ್ತಿಲ್ಲದೆ ಹೋಗಿ ಕೂರುವುದಕ್ಕಿಂತ ಅದು ವಾಸಿ.

ಸುಮ್ನೆ ಕೇಳಿದೆ, “ಗೊರಕೆ ಹೊಡೀತೀರಾ?” ನಕ್ಕರು. ಮಧ್ಯೆ ಉಸಿರೇ ನಿಂತ ಹಾಗಾಗುತ್ತದೆ ಎಂದು ಗಂಡ ಹೆದರುತ್ತಾರಂತೆ. ನಗುವ ವಿಷಯ ಅಲ್ಲ ಅದು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಂಪರು ಔಷಧಿ ಜಾಸ್ತಿ ಅಪಾಯ. ಮೊದಲು ಅದನ್ನು ಪರೀಕ್ಷಿಸಬೇಕು.

ಯಾವ ಸೆಡೇಷನ್, ಅಂದರೆ ಯಾವ ಥರದ ಮಂಪರು ಎಂದು ನಿರ್ಧರಿಸುವುದು ನನ್ನ ಕೆಲಸವಲ್ಲ, ಡಾಕ್ಟರದ್ದು. ಆದರೆ ಅವರ ಮುಂದೆ ಕೂತು ಕೇಳುವ ಧೈರ್ಯ ಬರಬೇಕಲ್ಲ. ಅದಕ್ಕೆ ಅರ್ಧ ಹಾಳೆ ಬರೆಸಿದೆ: ಹಿಂದೆ ಆದದ್ದು, ಗೊರಕೆ, ದಿನವೂ ತಗೊಳ್ಳುವ ಮಾತ್ರೆಗಳು. ಕೆಳಗೆ ಎರಡು ಪ್ರಶ್ನೆ: ಮಂಪರಿನಲ್ಲಿದ್ದಾಗ ನನ್ನ ಉಸಿರು, ಆಕ್ಸಿಜನ್ ನೋಡಿಕೊಳ್ಳಲು ಬೇರೆ ಒಬ್ಬರು ಇರುತ್ತಾರಾ? ಎಡಗೈ ಎತ್ತಿದರೆ ನಿಲ್ಲಿಸುತ್ತೀರಾ? ಮೊದಲ ಸಲ ಬರೀ ಮಾತಾಡಿ ಬನ್ನಿ, ಹಲ್ಲು ತೋರಿಸಲು ಕೂಡ ಬಾಯಿ ತೆರೆಯಬೇಡಿ ಅಂದೆ. ನನ್ನ ಹತ್ತಿರ ಮೂರು ವಾರ ಕೈ ಎತ್ತುವುದನ್ನೇ ಅಭ್ಯಾಸ ಮಾಡಿದರು. ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ಫೋನಿನಲ್ಲಿ ಡ್ರಿಲ್ಲಿನ ಸದ್ದು ಹಾಕಿಕೊಂಡು.

ಡಾಕ್ಟರು ಮೊದಲು ಸೋಂಕಿಗೆ ಚಿಕಿತ್ಸೆ ಕೊಟ್ಟರು. ಆಮೇಲೆ ಲಾಫಿಂಗ್ ಗ್ಯಾಸ್‌ನಲ್ಲೇ ಹಲ್ಲು ಕಿತ್ತರು. ಮರುವಾರ ಬಂದಾಗ ಎಷ್ಟು ಸಲ ಕೈ ಎತ್ತಿದಿರಿ ಎಂದು ಕೇಳಿದೆ.

“ಎರಡು ಸಲ. ಒಂದ್ಸಲ ಒತ್ತಿದ ಹಾಗಾಯ್ತು, ಅದಕ್ಕೆ. ಇನ್ನೊಂದು ಸಲ ಏನೂ ಆಗಿರಲಿಲ್ಲ ಮೇಡಂ. ನಿಲ್ಲಿಸ್ತಾರಾ ನೋಡೋಣ ಅಂತ ಎತ್ತಿದೆ.”

“ನಿಲ್ಲಿಸಿದರಾ?”

“ನಿಲ್ಲಿಸಿದ್ರು.”