ಗೆದ್ದ ಹದಿನೈದೇ ವರ್ಷಕ್ಕೆ ಅಳಿದ ಚಿನ್ ವಂಶ

ಪ್ರಶ್ನೆ: ಚೀನಾವನ್ನು ಮೊದಲು ಒಂದುಗೂಡಿಸಿದ ಚಿನ್ ವಂಶ ಹದಿನೈದೇ ವರ್ಷಗಳಲ್ಲಿ ಅಳಿದದ್ದೇಕೆ? ಕ್ರೂರ ಶಿಕ್ಷೆಗಳೇ ಕಾರಣವೆಂಬುದು ನಿಜವೇ?

ಉತ್ತರ: ಕ್ರೌರ್ಯವೊಂದೇ ಕಾರಣವೆಂದು ನಾನು ಒಪ್ಪಲಾರೆ. ಕ್ರಿ.ಪೂ. 356ರ ಸುಮಾರಿಗೆ ಮಂತ್ರಿ ಶಾಂಗ್ ಯಾಂಗ್ ತಂದ ಆ ಕಠಿಣ ಕಾನೂನುಗಳ ಬಲದಿಂದಲೇ ಚಿನ್ ರಾಜ್ಯವು ಶತಮಾನಕ್ಕೂ ಮಿಕ್ಕಿ ಬೆಳೆದಿತ್ತು. ವಂಶದ ಹಿರಿಮೆಯನ್ನು ಬದಿಗಿಟ್ಟು, ರಣರಂಗದಲ್ಲಿ ಕಡಿದ ತಲೆಗಳ ಲೆಕ್ಕಕ್ಕೆ ಪದವಿಯನ್ನೂ ಭೂಮಿಯನ್ನೂ ಕೊಡುವ, ಐದೈದು ಮನೆಗಳನ್ನು ಒಟ್ಟುಗೂಡಿಸಿ ಒಬ್ಬನ ತಪ್ಪಿಗೆ ಎಲ್ಲರನ್ನೂ ಹೊಣೆಯಾಗಿಸುವ ವ್ಯವಸ್ಥೆ ಅದು. ಅದರ ನೆರವಿನಿಂದ ಚಿನ್ ದೊರೆ ಯಿಂಗ್ ಝೆಂಗ್ ಕ್ರಿ.ಪೂ. 230ರಿಂದ 221ರೊಳಗೆ ಉಳಿದ ಆರು ರಾಜ್ಯಗಳನ್ನು ಗೆದ್ದು, ಚಿನ್ ಶಿ ಹುವಾಂಗ್ ಎಂಬ ಬಿರುದು ಧರಿಸಿ, 36 ಪ್ರಾಂತ್ಯಗಳಲ್ಲಿ ಒಂದೇ ಲಿಪಿ, ಒಂದೇ ತೂಕ-ಅಳತೆಗಳನ್ನು ಜಾರಿಗೆ ತಂದ.

ಆದರೆ ಯುದ್ಧಕ್ಕೆಂದು ಕಟ್ಟಿದ ವ್ಯವಸ್ಥೆಗೆ ಯುದ್ಧ ಮುಗಿದ ಮೇಲೂ ಬಿಡುವು ಸಿಗಲಿಲ್ಲ. ಉತ್ತರದ ಗಡಿಗೋಡೆ, ದಕ್ಷಿಣದ ದಂಡಯಾತ್ರೆ, ಹೆದ್ದಾರಿ, ಅರಮನೆ, ಸಾಮ್ರಾಟನ ಗೋರಿ ಎಂದು ನಿನ್ನೆ ಸೋತ ನಾಡುಗಳ ಜನರನ್ನು ಬಿಟ್ಟಿ ಚಾಕರಿಗೆ ಎಳೆಯಲಾಯಿತು. ಕ್ರಿ.ಪೂ. 210ರಲ್ಲಿ ಪ್ರವಾಸದಲ್ಲಿದ್ದಾಗಲೇ ಸಾಮ್ರಾಟ ತೀರಿಕೊಂಡಾಗ, ಆಸ್ಥಾನದ ಅಧಿಕಾರಿ ಝಾವೊ ಗಾವೊ ಮತ್ತು ಮಂತ್ರಿ ಲಿ ಸಿ ಸುಳ್ಳು ಆಜ್ಞಾಪತ್ರ ಸೃಷ್ಟಿಸಿ, ಹಿರಿಯ ಮಗ ಫುಸುವನ್ನು ಆತ್ಮಹತ್ಯೆಗೆ ದೂಡಿ, ಕಿರಿಯವನಾದ ಹುಹಾಯ್‌ಗೆ ಪಟ್ಟ ಕಟ್ಟಿದರೆಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ.

ಮರುವರ್ಷ ಗಡಿ ಕಾವಲಿಗೆ ಹೊರಟಿದ್ದ 900 ಜನರ ತಂಡವೊಂದು ಮಳೆಯಿಂದ ದಾರಿಯಲ್ಲಿ ಸಿಕ್ಕಿಕೊಂಡಿತು. ತಡವಾದರೆ ತಲೆ ಹೋಗುತ್ತದೆ, ಬಂಡೆದ್ದರೂ ಅಷ್ಟೇ ಎಂದು ಚೆನ್ ಶೆಂಗ್ ಮತ್ತು ವು ಗುವಾಂಗ್ ದಂಗೆಯೆದ್ದರಂತೆ. ಈ ಪ್ರಸಿದ್ಧ ಕಥೆಯನ್ನು ಎಚ್ಚರದಿಂದ ಓದಬೇಕೆನ್ನಲು ಬಲವಾದ ಕಾರಣವಿದೆ. 1975ರಲ್ಲಿ ಹುಬೇ ಪ್ರಾಂತ್ಯದ ಷುಯಿಹುದಿಯಲ್ಲಿ, ಚಿನ್ ಅಧಿಕಾರಿಯೊಬ್ಬನ ಸಮಾಧಿಯೊಳಗೆ, ಬರಹವಿದ್ದ ಸಾವಿರಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ದೊರೆತವು. ಬಿಟ್ಟಿ ಚಾಕರಿಗೆ ಮೂರರಿಂದ ಐದು ದಿನ ತಡವಾದರೆ ಬೈಗುಳ, ಆರರಿಂದ ಹತ್ತು ದಿನಕ್ಕೆ ಒಂದು ಗುರಾಣಿಯ ದಂಡ, ಅದಕ್ಕೂ ಮೀರಿದರೆ ಒಂದು ಕವಚದ ದಂಡ, ಮಳೆಯಾದರೆ ಕರೆಯೇ ರದ್ದು ಎಂಬ ನಿಯಮ ಅವುಗಳಲ್ಲಿದೆ. ಗಡಿ ಕಾವಲಿಗೆ ಬೇರೆ ನಿಯಮವಿದ್ದಿರಬಹುದೆಂಬ ವಾದವೂ ಉಂಟು. ಆದರೂ, ಚಿನ್ ವಂಶದ ಕಥೆಯನ್ನು ನಮಗೆ ಹೇಳಿದವರು ಅದರ ಸ್ಥಾನಕ್ಕೆ ಬಂದ ಹಾನ್ ವಂಶದ ಕಾಲದವರೆಂಬುದನ್ನು ನಾವು ಮರೆಯಬಾರದು.

ದಂಗೆ ಹಬ್ಬಿದಾಗ ಆಸ್ಥಾನವು ಒಳಜಗಳದಲ್ಲಿ ಮುಳುಗಿತ್ತು. ಲಿ ಸಿ ಮರಣದಂಡನೆಗೆ ಗುರಿಯಾದ; ಕ್ರಿ.ಪೂ. 207ರಲ್ಲಿ ಜುಲುವಿನ ಕದನದಲ್ಲಿ ಬಂಡಾಯದ ಸೇನಾನಿ ಶಿಯಾಂಗ್ ಯು ಚಿನ್ ಸೇನೆಯನ್ನು ಮುರಿದ. ಅದೇ ವರ್ಷ ಹುಹಾಯ್ ಝಾವೊ ಗಾವೊನ ಒತ್ತಡಕ್ಕೆ ಸಿಲುಕಿ ಪ್ರಾಣ ಕಳೆದುಕೊಂಡ. ಕೊನೆಯ ಅರಸ ಝಿಯಿಂಗ್, ಇನ್ನೊಬ್ಬ ಬಂಡಾಯ ನಾಯಕ ಲಿಯು ಬಾಂಗ್‌ಗೆ ಶರಣಾದ.

ಅದೇ ಲಿಯು ಬಾಂಗ್ ಕ್ರಿ.ಪೂ. 202ರಲ್ಲಿ ಹಾನ್ ವಂಶದ ಸಾಮ್ರಾಟನಾದಾಗ ಚಿನ್ ಕಾನೂನಿನ ಬಹುಪಾಲನ್ನು ಹಾಗೆಯೇ ಉಳಿಸಿಕೊಂಡ. ಬದಲಿಸಿದ್ದು ಬೇರೊಂದನ್ನು: ದೂರದ ಪೂರ್ವಭಾಗವನ್ನು ರಾಜಧಾನಿಯಿಂದಲೇ ನೇರವಾಗಿ ಆಳುವ ಹಟ ಬಿಟ್ಟು, ಅದನ್ನು ಸೇನಾನಿಗಳಿಗೂ ಬಂಧುಗಳಿಗೂ ಅಧೀನ ರಾಜ್ಯಗಳಾಗಿ ಹಂಚಿದ.