ಓಟ ನಿಂತ ಮೇಲೆ ದಿನವೇ ಸಾಗುತ್ತಿಲ್ಲ

ಪ್ರಶ್ನೆ: ನನಗೆ 31 ವರ್ಷ, ಊರು ಅರಸೀಕೆರೆ ಹತ್ತಿರ. ಹೈಸ್ಕೂಲಿನಿಂದಲೇ 400 ಮೀಟರ್ ಹರ್ಡಲ್ಸ್ ಓಡಿದವಳು. ದೇಶದ ಪರವೂ ಓಡಿದ್ದೇನೆ. ಹಿಮ್ಮಡಿ ನೋವಿನಿಂದ ಕಳೆದ ವರ್ಷ ಬಿಟ್ಟೆ. ಇನ್ನು ಓಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಈಗ ರೈಲ್ವೆಯಲ್ಲಿ ಕೆಲಸ. ಬೆಳಗ್ಗೆ ಐದಕ್ಕೇ ಎಚ್ಚರವಾಗುತ್ತದೆ, ಎದ್ದು ಏನು ಮಾಡೋದು ಅಂತ ಹಾಗೇ ಬಿದ್ದಿರುತ್ತೇನೆ. ಏಷ್ಯನ್ ಗೇಮ್ಸ್ ಪದಕ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ ಅನಿಸುತ್ತದೆ. ಇನ್ನೊಂದು ಸೀಸನ್ ಓಡಲೇ? ಅಮ್ಮ, "ಸಾಕು, ಮಕ್ಕಳಿಗೆ ಕೋಚಿಂಗ್ ಕೊಡು" ಅನ್ನುತ್ತಾರೆ.

ಉತ್ತರ: ಓಡಬೇಡಿ. ಡಾಕ್ಟರ್ ಮಾತು ಕೇಳಿ.

ಪದಕದ ಕೊರಗನ್ನೂ ಬಿಡಿ. ಶೂಟರ್ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದರು. ಆಮೇಲೆ ಒಳಗೆಲ್ಲ ಖಾಲಿ ಖಾಲಿ ಅನಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. 28 ಒಲಿಂಪಿಕ್ಸ್ ಪದಕ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರನ್ನೂ ಖಿನ್ನತೆ ಬಿಡಲಿಲ್ಲ.

ನಿಮ್ಮನ್ನು ಕಾಡುತ್ತಿರುವುದು ಬೇರೆ ಅಂತ ನನಗನಿಸುತ್ತದೆ. ಇಷ್ಟು ವರ್ಷ ಏನು ತಿನ್ನಬೇಕು, ಯಾವಾಗ ಮಲಗಬೇಕು, ಎಲ್ಲವನ್ನೂ ಕೋಚ್ ಹೇಳುತ್ತಿದ್ದರು. ನಿನ್ನೆಗಿಂತ ಇವತ್ತು ಚೆನ್ನಾಗಿ ಓಡಿದಿರಾ ಅಂತ ಸ್ಟಾಪ್‌ವಾಚ್ ಅಲ್ಲೇ ತೋರಿಸುತ್ತಿತ್ತು. ಆಫೀಸಿನಲ್ಲಿ ಯಾರೂ ನಿಮ್ಮ ಟೈಮಿಂಗ್ ಹೇಳುವುದಿಲ್ಲ, ಅಲ್ವಾ? ಅದಕ್ಕೇ ದಿನವೆಲ್ಲ ದುಡಿದರೂ ಏನೂ ಮಾಡಿಲ್ಲ ಅನಿಸುತ್ತದೆ. ಅಷ್ಟು ಪ್ರೀತಿಸಿದ್ದು ಕೈತಪ್ಪಿದಾಗ ದುಃಖವಾಗಲೇಬೇಕು. ಅಳು ಬಂದರೆ ಅತ್ತುಬಿಡಿ.

ಆದರೆ ಮೈಯನ್ನು ಒಮ್ಮೆಲೇ ಸುಮ್ನೆ ಕೂರಿಸಬೇಡಿ. ಐದಕ್ಕೆ ಎಚ್ಚರವಾದರೆ ಏಳಿ. ಹಿಮ್ಮಡಿಗೆ ಜಾಸ್ತಿ ಭಾರ ಬೀಳದ ಈಜು, ಸೈಕಲ್ ಇಂಥದ್ದನ್ನು ಫಿಸಿಯೋ ಹತ್ತಿರ ಕೇಳಿ ಶುರುಮಾಡಿ. ಹಸಿವು ಮೊದಲಿನಷ್ಟೇ ಇರುತ್ತದೆ, ಮೈ ಖರ್ಚು ಮಾಡುವುದು ಕಡಿಮೆಯಾಗಿರುತ್ತದೆ. ಊಟವನ್ನು ನಿಧಾನವಾಗಿ ಅದಕ್ಕೆ ಹೊಂದಿಸಿಕೊಳ್ಳಿ. ತೂಕ ಏರಿತು ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ.

ಅಮ್ಮ ಹೇಳಿದರು ಅಂತ ಆತುರದಲ್ಲಿ ಕೋಚ್ ಆಗುವುದೂ ಬೇಡ. ಚೆನ್ನಾಗಿ ಓಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತೇನಿಲ್ಲ. ಒಂದೆರಡು ತಿಂಗಳು, ವಾರಕ್ಕೊಮ್ಮೆ ಶಾಲೆ ಮಕ್ಕಳ ಜೊತೆ ಮೈದಾನದಲ್ಲಿ ಇದ್ದು ನೋಡಿ. ಹರ್ಡಲ್‌ಗೆ ಕಾಲು ತಾಗಿ ಬಿದ್ದ ಹುಡುಗಿಯನ್ನು ಎಬ್ಬಿಸಿ, ಮತ್ತೆ ಓಡಿಸುವಾಗ ಖುಷಿಯಾಗುತ್ತದಾ? ಅಥವಾ ನಾನೇ ಓಡಬೇಕಿತ್ತು ಅಂತ ಸಂಕಟವಾಗುತ್ತದಾ? ಸಂಕಟವೇ ಜಾಸ್ತಿಯಾದರೆ ಸದ್ಯಕ್ಕೆ ಬಿಡಿ, ಯಾರೂ ತಪ್ಪು ತಿಳಿಯಬೇಕಿಲ್ಲ. ನಿಮ್ಮ ತಾಲ್ಲೂಕಿನ ಜಾವಗಲ್ ಹೆಸರನ್ನು ಕ್ರಿಕೆಟ್ ಲೋಕಕ್ಕೆಲ್ಲ ಮುಟ್ಟಿಸಿದ ಶ್ರೀನಾಥ್ ಆಟ ಬಿಟ್ಟದ್ದು 2003ರಲ್ಲಿ. ಐಸಿಸಿ ಮ್ಯಾಚ್ ರೆಫರಿ ಆದದ್ದು 2006ರಲ್ಲಿ. ನೀವೂ ಸಮಯ ತೆಗೆದುಕೊಳ್ಳಿ. ಕೋಚಿಂಗ್ ಬಿಟ್ಟರೂ ಕ್ರೀಡೆಯಲ್ಲಿ ಬೇಕಾದಷ್ಟು ಕೆಲಸಗಳಿವೆ. ಕೇಂದ್ರ ಕ್ರೀಡಾ ಸಚಿವಾಲಯ 2024ರಲ್ಲಿ ನಿವೃತ್ತ ಆಟಗಾರರಿಗೆಂದೇ 'ರೀಸೆಟ್' ಎಂಬ ತರಬೇತಿ ಶುರುಮಾಡಿತು. ಅದನ್ನೂ ವಿಚಾರಿಸಿ.

ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಉತ್ತರವನ್ನು ಅಮ್ಮನಿಗೂ ಓದಿ ಹೇಳಿ. ನೀವು ಎಷ್ಟು ನೊಂದಿದ್ದೀರಿ ಅಂತ ಅವರಿಗೆ ಇನ್ನೂ ಗೊತ್ತಾಗಿಲ್ಲ ಅನಿಸುತ್ತದೆ.